ಬರೆದರೆ ಬರೆಯಿರಿ, ಬಿಟ್ಟರೆ ಬಿಡಿ

1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಿಯೆಟ್ನಾಂ ಯುದ್ಧದ ವಿರುದ್ಧ ಮಾತನಾಡಿದರು. ಕರಿಯರ ಹಕ್ಕುಗಳಿಗಾಗಿ ಹೋರಾಡುವವರಿಗೆ ಸರಕಾರದ ಯುದ್ಧದ ಉಸಾಬರಿ ಏಕೆ ಎಂದು ಅವರ ಜೊತೆಗಾರರಲ್ಲೇ ಹಲವರು ಮುನಿಸಿಕೊಂಡರು. ದೇಶದ ದೊಡ್ಡ ಪತ್ರಿಕೆಗಳು ಸಂಪಾದಕೀಯ ಬರೆದು ಟೀಕಿಸಿದವು. ಅಧ್ಯಕ್ಷರ ಬಾಗಿಲು ಅವರ ಪಾಲಿಗೆ ಮುಚ್ಚಿತು. ಸರಿಯಾಗಿ ಒಂದು ವರ್ಷದ ಬಳಿಕ, ಅದೇ ಏಪ್ರಿಲ್ 4ರಂದು, ಮೆಂಫಿಸ್ ನಗರದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಸುಮಾರು ಅರ್ಧ ಶತಮಾನದ ನಂತರ ಆ ಭಾಷಣದ ಒಂದು ಭಾಗ ಬೇರೊಂದು ಕಡೆ ಕಾಣಿಸಿಕೊಂಡಿತು. ಅಮೆರಿಕದಲ್ಲಿ ಕಾಲೇಜು ಸೇರಬಯಸುವ ಮಕ್ಕಳು ಬರೆಯುವ ಸ್ಯಾಟ್ ಪರೀಕ್ಷೆಯ ಅಧಿಕೃತ ಮಾದರಿ ಪ್ರಶ್ನೆಪತ್ರಿಕೆಯಲ್ಲಿ. ಭಾಷಣದ ಕೆಳಗೆ ಸೂಚನೆ ಇತ್ತು. ಕಿಂಗ್ ತಮ್ಮ ವಾದವನ್ನು ಹೇಗೆ ಕಟ್ಟಿದ್ದಾರೆ, ಕೇಳುಗರನ್ನು ಒಪ್ಪಿಸಲು ಯಾವ ಪುರಾವೆ, ಯಾವ ತರ್ಕ, ಯಾವ ಮಾತಿನ ಶೈಲಿ ಬಳಸಿದ್ದಾರೆ ಎಂಬುದನ್ನು ವಿವರಿಸಿ ಪ್ರಬಂಧ ಬರೆಯಬೇಕು. ಅವರ ವಾದವನ್ನು ನೀವು ಒಪ್ಪುತ್ತೀರೋ ಇಲ್ಲವೋ ಎಂಬುದನ್ನು ಮಾತ್ರ ಬರೆಯಕೂಡದು.

ಅಂದರೆ ಹದಿನೇಳು ವರ್ಷದ ಹುಡುಗಿಯೊಬ್ಬಳು, ಅವಳ ಅಣ್ಣ ಇರಾಕಿನಲ್ಲೋ ಅಫ್ಘಾನಿಸ್ತಾನದಲ್ಲೋ ಸೈನಿಕನಾಗಿರಬಹುದು, ಯುದ್ಧವೆಂದರೆ ಬಡವರ ಮಕ್ಕಳನ್ನು ನುಂಗುವ ಯಂತ್ರ ಎಂಬರ್ಥದ ಮಾತುಗಳನ್ನು ಓದಬೇಕು. ಓದಿದ ಮೇಲೆ ತನಗೆ ಏನನ್ನಿಸಿತು ಎಂಬುದನ್ನು ನುಂಗಿಕೊಳ್ಳಬೇಕು. ‘ಇಲ್ಲಿ ಉಪಮೆ ಬಳಸಲಾಗಿದೆ, ಅಲ್ಲಿ ಪುನರುಕ್ತಿ ಬಳಸಲಾಗಿದೆ’ ಎಂದು ಬರೆದು ಏಳಬೇಕು. ಗಡಿಯಾರ ರಿಪೇರಿಯವನು ಗಡಿಯಾರ ಬಿಚ್ಚಿದಂತೆ. ಗಂಟೆ ಎಷ್ಟಾಯಿತು ಎಂದು ಕೇಳುವ ಹಾಗಿಲ್ಲ.

ಇನ್ನೂ ಸೋಜಿಗದ ಸಂಗತಿಯೆಂದರೆ ಈ ಪ್ರಬಂಧ ಐಚ್ಛಿಕವಾಗಿತ್ತು. ಬರೆಯಲೇಬೇಕೆಂಬ ಕಡ್ಡಾಯವಿರಲಿಲ್ಲ. ಬರೆದರೂ ಅದರ ಅಂಕ ಒಟ್ಟು ಅಂಕಕ್ಕೆ ಸೇರುತ್ತಿರಲಿಲ್ಲ. ಹಾಗಿದ್ದರೂ ಪರೀಕ್ಷೆಗೆ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೆಚ್ಚಿನ ಹಣ ಕಟ್ಟಿ, ಮೂರು ಗಂಟೆಯ ಪರೀಕ್ಷೆ ಮುಗಿದ ಮೇಲೆ ಇನ್ನೂ 50 ನಿಮಿಷ ಕೂತು ಬರೆದರು. ಏಕೆ? ಈ ಲೇಖನಕ್ಕೆ ಕಾರಣವಾದ ಪ್ರಶ್ನೆ ಇದು. ಐಚ್ಛಿಕ ಪ್ರಬಂಧ ಅಂಕಪಟ್ಟಿಯ ಮೇಲೆ ಏನು ಪರಿಣಾಮ ಬೀರುತ್ತದೆ ಎಂದು ಕೇಳಿದರೆ ಪರೀಕ್ಷೆ ನಡೆಸುವವರ ಉತ್ತರ ಒಂದೇ ಮಾತಿನದು: ಏನೂ ಇಲ್ಲ. ಅಂಕಗಣಿತದ ಮಟ್ಟಿಗೆ ಆ ಉತ್ತರ ಸರಿ. ಉಳಿದದ್ದರ ಮಟ್ಟಿಗೆ ಸರಿಯಲ್ಲ.

ಸ್ವಲ್ಪ ಹಿಂದಿನ ಕಥೆ ತಿಳಿದರೆ ಮುಂದಿನದು ಸುಲಭ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಹುಟ್ಟಿದ್ದು 1900ರಲ್ಲಿ. ಮರುವರ್ಷ ಅದು ನಡೆಸಿದ ಮೊದಲ ಪರೀಕ್ಷೆಗೆ ಕೂತವರು ಸಾವಿರಕ್ಕೂ ಕಡಿಮೆ. ಇಂಗ್ಲಿಷ್, ಲ್ಯಾಟಿನ್, ಗ್ರೀಕ್, ಇತಿಹಾಸ, ಗಣಿತ ಎಂದು ಒಂಬತ್ತು ವಿಷಯಗಳು. ಉತ್ತರಗಳನ್ನು ಕೈಯಿಂದ ಉದ್ದಕ್ಕೆ ಬರೆಯಬೇಕಿತ್ತು. ಆಗ ಬರವಣಿಗೆಯೇ ಪರೀಕ್ಷೆ. 1926ರಲ್ಲಿ ಸ್ಯಾಟ್ ಬಂತು. ಅದನ್ನು ರೂಪಿಸಿದ ಕಾರ್ಲ್ ಬ್ರಿಗಮ್ ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಕೊಟ್ಟ ಬುದ್ಧಿಶಕ್ತಿ ಪರೀಕ್ಷೆಗಳನ್ನು ಇಟ್ಟುಕೊಂಡು ಉತ್ತರ ಯುರೋಪಿನ ಜನಾಂಗವೇ ಮೇಲು, ಉಳಿದವರು ಕೀಳು ಎಂದು ಸಾಧಿಸುವ ಪುಸ್ತಕವನ್ನು 1923ರಲ್ಲಿ ಬರೆದಿದ್ದ ವ್ಯಕ್ತಿ. 1930ರಲ್ಲಿ ಆತನೇ ಆ ತೀರ್ಮಾನಗಳಿಗೆ ಆಧಾರವಿಲ್ಲವೆಂದು ಒಪ್ಪಿಕೊಂಡ, ಅದನ್ನೂ ಹೇಳಬೇಕು. ಎರಡನೇ ಮಹಾಯುದ್ಧದ ಅವಸರದಲ್ಲಿ, 1942ರಲ್ಲಿ, ಹಳೆಯ ಬರವಣಿಗೆಯ ಪರೀಕ್ಷೆಗಳು ನಿಂತವು. ಯುದ್ಧ ಮುಗಿದ ಮೇಲೂ ಅವು ಮರಳಲಿಲ್ಲ. ಗುರುತು ಹಾಕುವ ಉತ್ತರಗಳನ್ನು ಯಂತ್ರ ತಿದ್ದುತ್ತದೆ. ಪ್ರಬಂಧ ತಿದ್ದಲು ಮನುಷ್ಯ ಬೇಕು, ಮನುಷ್ಯನಿಗೆ ಸಂಬಳ ಬೇಕು.

ಆಮೇಲಿನ ದಶಕಗಳಲ್ಲಿ ಪ್ರಬಂಧ ಹಿಂಬಾಗಿಲಿನಿಂದ ಒಂದೆರಡು ಸಲ ಒಳಗೆ ಬಂದು ಹೊರಗೆ ಹೋಯಿತು. ಮುಂಬಾಗಿಲಿನಿಂದ ಬಂದದ್ದು 2005ರ ಮಾರ್ಚ್‌ನಲ್ಲಿ. 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಅಟ್ಕಿನ್ಸನ್, ಈ ಪರೀಕ್ಷೆ ಶಾಲೆಯಲ್ಲಿ ಕಲಿತದ್ದನ್ನು ಅಳೆಯುವುದಿಲ್ಲ, ನಾವಿದನ್ನು ಕೈಬಿಡಬೇಕು ಎಂದು ಬಹಿರಂಗವಾಗಿ ಹೇಳಿದರು. ದೊಡ್ಡ ಗಿರಾಕಿ ಅಂಗಡಿ ಬದಲಿಸುತ್ತೇನೆಂದರೆ ವ್ಯಾಪಾರಿ ಸುಮ್ಮನಿರುತ್ತಾನೆಯೇ? ಸ್ಯಾಟ್‌ಗೆ ಬರವಣಿಗೆಯ ಹೊಸ ವಿಭಾಗ ಸೇರಿತು. ಒಟ್ಟು ಅಂಕ 1600ರಿಂದ 2400ಕ್ಕೆ ಏರಿತು. ಪರೀಕ್ಷೆಯ ಮೊದಲ 25 ನಿಮಿಷ ಪ್ರಬಂಧಕ್ಕೆ. ಅದು ಎಲ್ಲರಿಗೂ ಕಡ್ಡಾಯ. ಪೈಪೋಟಿಯ ಪರೀಕ್ಷೆಯಾದ ಎಸಿಟಿ ಅದೇ ವರ್ಷ ತಾನೂ 30 ನಿಮಿಷದ ಪ್ರಬಂಧ ಸೇರಿಸಿತು, ಆದರೆ ಐಚ್ಛಿಕವಾಗಿ.

ಕಡ್ಡಾಯದ ಪ್ರಬಂಧ ಹೇಗಿತ್ತು? ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್ಮನ್ ಎಂಬವರು ಕಾಲೇಜ್ ಬೋರ್ಡೇ ಹಂಚಿದ್ದ ಅಂಕ ಕೊಟ್ಟ ಮಾದರಿ ಪ್ರಬಂಧಗಳನ್ನು ಮುಂದಿಟ್ಟುಕೊಂಡು ಪದಗಳನ್ನು ಎಣಿಸಿದರು. ಸುಮಾರು 100 ಪದದ ಪ್ರಬಂಧಕ್ಕೆ ಒಂದು ಅಂಕ. ಸುಮಾರು 400 ಪದದ ಪ್ರಬಂಧಕ್ಕೆ ಆರಕ್ಕೆ ಆರು. ಓದದೆ, ಗೋಡೆಯ ಆ ತುದಿಯಲ್ಲಿ ತೂಗುಹಾಕಿ ಉದ್ದ ನೋಡಿ ಅಂಕ ಹೇಳಿದರೂ ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತದೆ ಎಂಬುದು ಅವರ ಅಂಬೋಣ. ಉದ್ದ ಬರೆದವನು ವಿಷಯವನ್ನು ಬೆಳೆಸಿ ಬರೆದಿರುತ್ತಾನೆ, ಅದಕ್ಕೇ ಅಂಕ ಹೆಚ್ಚು ಎಂದು ಬೋರ್ಡ್ ಸಮರ್ಥಿಸಿಕೊಂಡಿತು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಪೆರೆಲ್ಮನ್ ತೋರಿಸಿದ ಎರಡನೇ ಸಂಗತಿಗೆ ಇಂಥ ಸಮರ್ಥನೆ ಕಷ್ಟ. ಮಾಹಿತಿಯ ತಪ್ಪುಗಳಿಗೆ ಅಂಕ ಕಳೆಯಬಾರದು ಎಂದು ಮೌಲ್ಯಮಾಪಕರಿಗೆ ಲಿಖಿತ ಸೂಚನೆಯಿತ್ತು. ಅಮೆರಿಕದ ಕ್ರಾಂತಿ 1842ರಲ್ಲಿ ಆರಂಭವಾಯಿತು ಎಂದು ಮಗು ಬರೆದರೆ ತೊಂದರೆಯಿಲ್ಲ ಎಂಬ ಉದಾಹರಣೆಯನ್ನೂ ಕೊಡಲಾಗಿತ್ತು. ಅಂತರ್ಯುದ್ಧ ಶುರುವಾದದ್ದು 1862ರ ಕೊನೆಯಲ್ಲಿ, ಎರಡು ಗುಂಡಿನಿಂದ ಎಂದು ಬರೆದ ಪ್ರಬಂಧಕ್ಕೆ ಪೂರ್ಣಾಂಕ ಸಿಕ್ಕಿತ್ತು. ಅದು ಆರಂಭವಾದದ್ದು 1861ರ ಏಪ್ರಿಲ್‌ನಲ್ಲಿ, ಸಾವಿರಾರು ಫಿರಂಗಿ ಗುಂಡುಗಳ ಸುರಿಮಳೆಯಿಂದ.

ಪರೀಕ್ಷಾ ಕೋಣೆಯಲ್ಲಿ ಪುಸ್ತಕವಿಲ್ಲ, ಮಕ್ಕಳಿಗೆ ಇಸವಿ ನೆನಪಿಲ್ಲದಿರಬಹುದು ಎಂಬ ಕನಿಕರ ಅರ್ಥವಾಗುತ್ತದೆ. ಆದರೆ ಕನಿಕರಕ್ಕೂ ಪರವಾನಗಿಗೂ ವ್ಯತ್ಯಾಸ ಬೇಡವೇ? ತರಬೇತಿ ಕೇಂದ್ರಗಳು ಇದನ್ನು ಬೇಗ ಅರಿತುಕೊಂಡವು. ಅಜ್ಜಿಯ ಕಥೆ ಬೇಕಿದ್ದರೆ ಅಜ್ಜಿಯನ್ನು ಹುಟ್ಟಿಸು, ದೊಡ್ಡವರ ಉಕ್ತಿ ಬೇಕಿದ್ದರೆ ಉಕ್ತಿಯನ್ನು ಹುಟ್ಟಿಸು, ಎರಡು ಪುಟ ತುಂಬಿಸು. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಗೈಡಿನಿಂದ ಬಾಯಿಪಾಠ ಮಾಡಿದ ‘ಗ್ರಂಥಾಲಯದ ಮಹತ್ವ’ವನ್ನು ಉರು ಹೊಡೆದು ಬರೆಯುವುದು ನೋಡಿ ನಗುವವರು ಇದನ್ನೂ ನೋಡಬೇಕಿತ್ತು. ನಮ್ಮ ಗೈಡಿನಲ್ಲಿ ಕನಿಷ್ಠ ಇಸವಿಗಳಾದರೂ ಸರಿ ಇರುತ್ತವೆ.

2012ರಲ್ಲಿ ಕಾಲೇಜ್ ಬೋರ್ಡಿನ ಚುಕ್ಕಾಣಿ ಹಿಡಿದ ಡೇವಿಡ್ ಕೋಲ್ಮನ್ ತನ್ನ ಟೀಕಾಕಾರ ಪೆರೆಲ್ಮನ್ನರನ್ನೇ ಕರೆಸಿ ಮಾತನಾಡಿದರು. ಇದು ಮೆಚ್ಚಬೇಕಾದ ನಡೆ. ಫಲವಾಗಿ 2016ರ ಮಾರ್ಚ್‌ನಿಂದ ಹೊಸ ಸ್ಯಾಟ್ ಬಂತು. ಒಟ್ಟು ಅಂಕ ಮತ್ತೆ 1600. ಪ್ರಬಂಧ ಪರೀಕ್ಷೆಯ ಕೊನೆಗೆ ಸರಿಯಿತು, ಐಚ್ಛಿಕವಾಯಿತು. ಸುಳ್ಳು ಬರೆಯಲು ಆಸ್ಪದವಿರಬಾರದೆಂದು 650-750 ಪದಗಳ ಒಂದು ಬರಹವನ್ನು ಕೊಟ್ಟು, ಅದರಲ್ಲಿರುವುದನ್ನು ಮಾತ್ರ ಆಧರಿಸಿ ಬರೆಯಬೇಕೆಂದರು. ಕಿಂಗ್ ಅವರ ಭಾಷಣ ಪ್ರಶ್ನೆಪತ್ರಿಕೆಗೆ ಬಂದದ್ದು ಹೀಗೆ.

ಎರಡೂ ನಮೂನೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ವಿಚಿತ್ರ ಕಾಣಿಸುತ್ತದೆ. 2005ರ ಪ್ರಬಂಧದಲ್ಲಿ ಮಗುವಿಗೆ ಅಭಿಪ್ರಾಯವಿರಬಹುದಿತ್ತು, ಅದು ನಿಜವಾಗಿರಬೇಕಿರಲಿಲ್ಲ. 2016ರ ಪ್ರಬಂಧದಲ್ಲಿ ಎಲ್ಲವೂ ನಿಜವಾಗಿರಬೇಕಿತ್ತು, ಅಭಿಪ್ರಾಯವಿರಬಾರದಿತ್ತು. ತನಗೆ ಗೊತ್ತಿರುವ ನಿಜವನ್ನು ತನ್ನ ಅಭಿಪ್ರಾಯವಾಗಿ ಹೇಳಬಲ್ಲ ಮಗುವಿಗೆ ಎರಡರಲ್ಲೂ ಜಾಗವಿರಲಿಲ್ಲ. ವಿಶ್ಲೇಷಣೆ ಒಳ್ಳೆಯ ವಿದ್ಯೆ, ಸಂಶಯವಿಲ್ಲ. ರಾಜಕಾರಣಿಯ ಭಾಷಣವೋ ಜಾಹೀರಾತೋ ನಮ್ಮನ್ನು ಹೇಗೆ ಮರುಳು ಮಾಡುತ್ತದೆ ಎಂದು ಬಿಚ್ಚಿ ನೋಡುವ ಕಣ್ಣು ಇಂದು ಎಂದಿಗಿಂತ ಹೆಚ್ಚು ಬೇಕು. ಆದರೆ ಮನವೊಲಿಕೆಯ ತಂತ್ರವನ್ನು ಮಾತ್ರ ನೋಡಿ ಸತ್ಯಾಸತ್ಯವನ್ನು ನೋಡಬೇಡ ಎಂದರೆ ಕಿಂಗ್ ಅವರ ಭಾಷಣಕ್ಕೂ ಸೋಪಿನ ಜಾಹೀರಾತಿಗೂ ಒಂದೇ ತಕ್ಕಡಿ. ಎಸಿಟಿ ಈ ವಿಷಯದಲ್ಲಿ ಕೊಂಚ ವಾಸಿ. 2015ರಿಂದ ಅದು ಒಂದು ವಿಷಯದ ಬಗ್ಗೆ ಮೂರು ನಿಲುವುಗಳನ್ನು ಕೊಟ್ಟು, ಅವುಗಳನ್ನು ತೂಗಿ ನೋಡಿ ನಿನ್ನ ನಿಲುವು ಏನು ಹೇಳು ಎನ್ನುತ್ತದೆ. 40 ನಿಮಿಷದಲ್ಲಿ ಎಷ್ಟು ಸಾಧ್ಯವೋ ಅಷ್ಟು.

ಈಗ ಅಂಕದ ಮಾತಿಗೆ ಬರೋಣ. ಕಡ್ಡಾಯವಾಗಿದ್ದಾಗ ಪ್ರಬಂಧದ ಪಾಲು ಸ್ಪಷ್ಟವಿತ್ತು: ಬರವಣಿಗೆ ವಿಭಾಗದ 800 ಅಂಕಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಉಳಿದದ್ದು ವ್ಯಾಕರಣ ಮತ್ತು ವಾಕ್ಯ ತಿದ್ದುವ ಗುರುತು ಹಾಕುವ ಪ್ರಶ್ನೆಗಳಿಗೆ. ಆ ವಿಭಾಗ ಒಟ್ಟಾರೆಯಾಗಿ ಕಾಲೇಜಿನ ಮೊದಲ ವರ್ಷದ ಫಲಿತಾಂಶವನ್ನು ಉಳಿದೆರಡು ವಿಭಾಗಗಳಿಗಿಂತ ತುಸು ಚೆನ್ನಾಗಿಯೇ ಮುನ್ಸೂಚಿಸುತ್ತದೆ ಎಂದು 2008ರಲ್ಲಿ ಬೋರ್ಡಿನ ಅಧ್ಯಯನ ಹೇಳಿತು. ಆದರೂ ಎಷ್ಟೋ ಕಾಲೇಜುಗಳು ಆ ಅಂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದೇ ಪ್ರಬಂಧ, 25 ನಿಮಿಷ, ಕೆಲವೇ ನಿಮಿಷ ಓದುವ ಇಬ್ಬರು ಮೌಲ್ಯಮಾಪಕರು. ಇಷ್ಟರಿಂದ ಒಬ್ಬರ ಬರವಣಿಗೆಯನ್ನು ತೂಗುವುದು ಒಂದು ಓವರ್ ನೋಡಿ ಬೌಲರನನ್ನು ಆರಿಸಿದಂತೆ.

ಐಚ್ಛಿಕವಾದ ಮೇಲೆ ಲೆಕ್ಕ ಬೇರೆಯಾಯಿತು. ಸ್ಯಾಟ್ ಪ್ರಬಂಧಕ್ಕೆ ಓದು, ವಿಶ್ಲೇಷಣೆ, ಬರಹ ಎಂದು ಮೂರು ಅಂಕಗಳು, ಪ್ರತಿಯೊಂದೂ 2ರಿಂದ 8ರೊಳಗೆ. ಮೂರನ್ನೂ ಕೂಡಿಸುವಂತಿಲ್ಲ, 1600ಕ್ಕೆ ಸೇರಿಸುವಂತಿಲ್ಲ. ಪ್ರಬಂಧ ಕೊನೆಯಲ್ಲಿದ್ದುದರಿಂದ ಅದನ್ನು ಬರೆದ ಆಯಾಸ ಗಣಿತದ ಅಂಕವನ್ನು ತಗ್ಗಿಸುವ ಸಾಧ್ಯತೆಯೂ ಇಲ್ಲ. ಎಸಿಟಿಯಲ್ಲೂ ಅಷ್ಟೆ: ಪ್ರಬಂಧದ ಅಂಕ 36ರ ಒಟ್ಟು ಸರಾಸರಿಗೆ ಸೇರುವುದಿಲ್ಲ. ಹಾಗಾದರೆ ಪ್ರಬಂಧ ಬರೆದವರ ಸರಾಸರಿ ಅಂಕ ಬರೆಯದವರದ್ದಕ್ಕಿಂತ ಮೇಲಿದ್ದರೆ ಏನರ್ಥ? ಪ್ರಬಂಧ ಬರೆದುದರಿಂದ ಅಂಕ ಏರಿತು ಎಂದಲ್ಲ. ಬರೆಯುವವರು ಯಾರು ಎಂದು ನೋಡಿದರೆ ಸಾಕು. ಮೇಲ್ದರ್ಜೆಯ ಕಾಲೇಜಿಗೆ ಅರ್ಜಿ ಹಾಕುವವರು, ಯಾವ ಕಾಲೇಜು ಏನು ಕೇಳುತ್ತದೆಂದು ಮೊದಲೇ ವಿಚಾರಿಸುವ ತಂದೆತಾಯಿ ಇರುವವರು, ಸಲಹೆ ಕೊಡುವ ಶಿಕ್ಷಕರಿರುವ ಶಾಲೆಯವರು. ಇಂಥವರ ಅಂಕ ಪ್ರಬಂಧವಿಲ್ಲದಿದ್ದರೂ ಮೇಲೆಯೇ ಇರುತ್ತದೆ. ಈಜುಕೊಳಕ್ಕೆ ಹೋಗುವವರು ಆರೋಗ್ಯವಂತರು ಎಂದು ಕಂಡು ಎಲ್ಲ ಆರೋಗ್ಯವೂ ಕೊಳದ ನೀರಿನಿಂದಲೇ ಬಂತು ಎಂದರೆ ಹೇಗೆ?

ಆದ್ದರಿಂದ ಐಚ್ಛಿಕ ಪ್ರಬಂಧ ಅಳೆದದ್ದರಲ್ಲಿ ಬರವಣಿಗೆಯಷ್ಟೇ ಪಾಲು ಇನ್ನೊಂದಕ್ಕೂ ಇತ್ತು. ‘ಐಚ್ಛಿಕ’ ಎಂಬ ಮಾತಿನ ನಿಜವಾದ ಅರ್ಥ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಎಂಬುದಕ್ಕೆ. ಪರೀಕ್ಷೆ ನಡೆಸುವವರು ಐಚ್ಛಿಕ ಎಂದರು. ಹಾರ್ವರ್ಡ್, ಯೇಲ್, ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಲ್ಲ ಕ್ಯಾಂಪಸ್‌ಗಳು ಅದು ಬೇಕೇ ಬೇಕು ಎಂದವು. ಇನ್ನು ಕೆಲವು ಕಾಲೇಜುಗಳು ‘ಇದ್ದರೆ ಒಳ್ಳೆಯದು’ ಎಂದವು, ಉಳಿದ ಬಹುಪಾಲು ಕಾಲೇಜುಗಳಿಗೆ ಬೇಡವಾಗಿತ್ತು. ಹದಿನಾರರ ಹುಡುಗನಿಗೆ ತಾನು ಮುಂದಿನ ವರ್ಷ ಯಾವ ಕಾಲೇಜಿಗೆ ಅರ್ಜಿ ಹಾಕುತ್ತೇನೆಂದು ಹೇಗೆ ಗೊತ್ತಿರಬೇಕು? ಗೊತ್ತಿಲ್ಲದವನು ಏನು ಮಾಡುತ್ತಾನೆ? ಎಲ್ಲದಕ್ಕೂ ಇರಲಿ ಎಂದು ಬರೆಯುತ್ತಾನೆ. ಬೆಂಗಳೂರಿನಲ್ಲಿ ಸ್ಯಾಟ್‌ಗೆ ತಯಾರಾಗುತ್ತಿದ್ದ ಮಕ್ಕಳಿಗೂ ಆ ವರ್ಷಗಳಲ್ಲಿ ಸಿಗುತ್ತಿದ್ದ ಸಲಹೆ ಇದೇ: ಬರೆದುಬಿಡು, ನಾಳೆ ಬೇಕಾದರೆ ಕಷ್ಟ.

ಆ ಕಷ್ಟ ಬಾಯಿಮಾತಿನದಾಗಿರಲಿಲ್ಲ. ಸ್ಯಾಟ್ ಪ್ರಬಂಧವನ್ನು ಪ್ರತ್ಯೇಕವಾಗಿ ಬರೆಯುವ ಅವಕಾಶವೇ ಇರಲಿಲ್ಲ. ಒಬ್ಬ ಹುಡುಗ 1500 ಅಂಕ ತೆಗೆದು ನೆಮ್ಮದಿಯಾಗಿದ್ದಾನೆ ಎನ್ನಿ. ಆಮೇಲೆ ಅವನಿಷ್ಟದ ಕಾಲೇಜು ಪ್ರಬಂಧ ಕೇಳುತ್ತದೆಂದು ತಿಳಿಯುತ್ತದೆ. ಆಗ ಅವನು ಇಡೀ ಪರೀಕ್ಷೆಯನ್ನು, ಗಣಿತದ ಸಮೇತ, ಮತ್ತೆ ಬರೆಯಬೇಕು. ಮತ್ತೆ ಶುಲ್ಕ, ಮತ್ತೆ ಒಂದು ಶನಿವಾರ. ಆ ಶನಿವಾರ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಾದರೆ ಅಂದಿನ ಕೂಲಿಯೂ ಹೋಯಿತು. ಪ್ರಬಂಧಕ್ಕೆ ಹೆಚ್ಚುವರಿ ಶುಲ್ಕವೂ ಇತ್ತು. ಬಡ ಮಕ್ಕಳಿಗೆ ಶುಲ್ಕ ವಿನಾಯಿತಿ ಇದ್ದದ್ದು ನಿಜ. ಆದರೆ ವಿನಾಯಿತಿಯ ಅರ್ಜಿ ಯಾರ ಹತ್ತಿರ ಸಿಗುತ್ತದೆಂದು ಹೇಳುವವರು ಬೇಕಲ್ಲ!

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಅಮೆರಿಕದ ಹಲವು ರಾಜ್ಯಗಳಲ್ಲಿ ಸರಕಾರಿ ಶಾಲೆಯ ಮಕ್ಕಳಿಗೆ ಸ್ಯಾಟ್ ಅಥವಾ ಎಸಿಟಿಯನ್ನು ಶಾಲೆಯಲ್ಲೇ, ಶಾಲೆಯ ದಿನದಂದೇ, ಉಚಿತವಾಗಿ ಬರೆಸುತ್ತಾರೆ. ಬಹಳ ಒಳ್ಳೆಯ ಯೋಜನೆ. ಆದರೆ ಆ ಉಚಿತ ಪರೀಕ್ಷೆಯಲ್ಲಿ ಎಷ್ಟೋ ಕಡೆ ಪ್ರಬಂಧ ಇರಲಿಲ್ಲ. ಹೀಗಾಗಿ ಸರಕಾರಿ ಶಾಲೆಯ ಹುಡುಗಿ ಉಚಿತ ಪರೀಕ್ಷೆಯಲ್ಲಿ ಎಷ್ಟೇ ಅಂಕ ತೆಗೆದರೂ ಹಾರ್ವರ್ಡಿನ ಅರ್ಜಿ ಪೂರ್ಣವಾಗುತ್ತಿರಲಿಲ್ಲ. ಅದೇ ಅಂಕ, ಅದೇ ಪರೀಕ್ಷೆ, ಅದೇ ದೇಶ. ಕೊನೆಯಲ್ಲಿ 50 ನಿಮಿಷದ ಒಂದು ‘ಐಚ್ಛಿಕ’ ಕಾಗದವಿಲ್ಲ, ಅಷ್ಟೆ. ಅಂಕಕ್ಕೆ ಸೇರದ ಪ್ರಬಂಧ ಅಂಕವನ್ನೇ ನಿರರ್ಥಕ ಮಾಡಿದ ಬಗೆ ಇದು.

ಎಸಿಟಿಯ ಕಥೆಯಲ್ಲಿ ಹಾಸ್ಯದ ಅಂಶವೂ ಇದೆ. 2015ರ ಸೆಪ್ಟೆಂಬರಿನಲ್ಲಿ ಅವರು ಪ್ರಬಂಧದ ಅಂಕವನ್ನು ಹಳೆಯ 2-12ರ ಬದಲು ಉಳಿದ ವಿಷಯಗಳಂತೆ 1-36ರ ಅಳತೆಗೆ ತಂದರು. ಎಲ್ಲ ಒಂದೇ ಅಳತೆಯಾದರೆ ಹೋಲಿಸಲು ಸುಲಭ ಎಂಬ ಸದುದ್ದೇಶ. ಫಲಿತಾಂಶ ಬಂದಾಗ ಮನೆಮನೆಗಳಲ್ಲಿ ಗಾಬರಿ. ಇಂಗ್ಲಿಷಿನಲ್ಲಿ, ಓದಿನಲ್ಲಿ ಮೂವತ್ತರ ಮೇಲೆ ತೆಗೆದ ಮಕ್ಕಳಿಗೆ ಪ್ರಬಂಧದಲ್ಲಿ ಇಪ್ಪತ್ತರ ಆಸುಪಾಸು. ಬರವಣಿಗೆಯಲ್ಲಿ ಮುಗ್ಗರಿಸಿದೆವು ಎಂದು ಅತ್ತವರೆಷ್ಟೋ, ಮರುಮೌಲ್ಯಮಾಪನಕ್ಕೆ ಹಣ ಕಟ್ಟಿದವರೆಷ್ಟೋ. ಆಮೇಲೆ ಸಂಸ್ಥೆ ವಿವರಣೆ ಕೊಟ್ಟಿತು: ಅಳತೆ ಒಂದೇ ಆದರೂ ಅಂಕಗಳು ಒಂದೇ ಅರ್ಥದವಲ್ಲ, ಓದಿನ 30 ಬೇರೆ, ಪ್ರಬಂಧದ 30 ಬೇರೆ. ಸೇರಿಗೂ ಲೀಟರಿಗೂ ಒಂದೇ ಪಾತ್ರೆ ಹಿಡಿದು, ಆಮೇಲೆ ಅಳತೆ ಬೇರೆ ಎಂದರೆ ಗಿರಾಕಿ ಏನು ಮಾಡಬೇಕು? ಒಂದೇ ವರ್ಷದಲ್ಲಿ, 2016ರ ಸೆಪ್ಟೆಂಬರಿನಲ್ಲಿ, ಎಸಿಟಿ ಮತ್ತೆ 2-12ಕ್ಕೆ ಮರಳಿತು. ನಡುವಿನ ಒಂದು ವರ್ಷದ ಮಕ್ಕಳ ಅಂಕಪಟ್ಟಿಯಲ್ಲಿ ಆ 36ರ ಲೆಕ್ಕವೇ ಉಳಿದುಕೊಂಡಿತು.

ಓದುಗರು ಗಮನಿಸಬೇಕು: ಅಂಕ ಎಂಬುದು ಮಗುವಿನ ಬಗ್ಗೆ ಹೇಳುವಷ್ಟೇ ಅಂಕ ಕೊಡುವವನ ಬಗ್ಗೆಯೂ ಹೇಳುತ್ತದೆ. ಪಕ್ಕದ ಕ್ಷೇತ್ರದ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಊರುಗಳ ಎಂಜಿನಿಯರಿಂಗ್ ಪದವೀಧರರಿಗೆ ಚೆನ್ನಾಗಿ ಗೊತ್ತಿರುವ ಜಿಆರ್‌ಇ ಪರೀಕ್ಷೆ. ಅದರ ಪ್ರಬಂಧಗಳನ್ನು ಮನುಷ್ಯನ ಜೊತೆಗೆ ಯಂತ್ರವೂ ಓದುತ್ತದೆ. ಆ ಯಂತ್ರವನ್ನು ಮಾಡಿದ ಸಂಸ್ಥೆಯದೇ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚೀನಾದ ಅಭ್ಯರ್ಥಿಗಳಿಗೆ ಯಂತ್ರ ಮನುಷ್ಯನಿಗಿಂತ ಹೆಚ್ಚು ಅಂಕ ಕೊಡುತ್ತಿತ್ತು, ಆಫ್ರಿಕನ್ ಅಮೆರಿಕನ್ ಅಭ್ಯರ್ಥಿಗಳಿಗೆ ಕಡಿಮೆ ಕೊಡುತ್ತಿತ್ತು. ಪೆರೆಲ್ಮನ್ ಇಲ್ಲೂ ಸುಮ್ಮನಿರಲಿಲ್ಲ. 2014ರಲ್ಲಿ ಅವರು ಕೆಲವು ವಿದ್ಯಾರ್ಥಿಗಳ ಜೊತೆ ಸೇರಿ, ದೊಡ್ಡ ದೊಡ್ಡ ಪದಗಳನ್ನು ಪೋಣಿಸಿ ಯಾವ ಅರ್ಥವೂ ಇಲ್ಲದ ಪ್ರಬಂಧ ತಯಾರಿಸುವ ತಂತ್ರಾಂಶ ಮಾಡಿದರು. ಅಂಕ ಕೊಡುವ ಯಂತ್ರಗಳು ಅದಕ್ಕೆ ಮೆಚ್ಚಿ ಅಂಕ ಕೊಟ್ಟವು. ಯಂತ್ರ ಬರೆದದ್ದನ್ನು ಯಂತ್ರ ಓದಿ ತಲೆದೂಗಿತು. ನಡುವೆ ಮನುಷ್ಯನ ಅಗತ್ಯವೇ ಬೀಳಲಿಲ್ಲ.

2018 ಬಂದಾಗ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಒಂದರ ಹಿಂದೆ ಒಂದು ಪ್ರಬಂಧದ ಕಡ್ಡಾಯವನ್ನು ಕೈಬಿಟ್ಟವು. ಶಾಲೆಯಲ್ಲೇ ಉಚಿತ ಪರೀಕ್ಷೆ ಬರೆಯುವ ಮಕ್ಕಳಿಗೆ ಇದು ಹೊರೆಯಾಗುತ್ತದೆ ಎಂಬ ಕಾರಣವನ್ನು ಮುಂದಿಟ್ಟರು. ಕಾರಣ ಸರಿಯಾದದ್ದೇ. ಆದರೆ ಆ ಹೊರೆ ಇದ್ದದ್ದು ಎರಡು ವರ್ಷದ ಹಿಂದೆಯೂ ಕಾಣಿಸುವಂತಿತ್ತು. 2020ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎರಡೂ ಪರೀಕ್ಷೆಗಳನ್ನೇ ಪ್ರವೇಶದಿಂದ ಹೊರಗಿಡಲು ತೀರ್ಮಾನಿಸಿತು. ದೊಡ್ಡ ಗಿರಾಕಿಗಾಗಿ ತರಿಸಿದ ಸರಕು, ಗಿರಾಕಿಯೇ ಎದ್ದು ಹೋದ ಮೇಲೆ ಯಾರಿಗೆ? 2021ರ ಜನವರಿ 19ರಂದು ಕಾಲೇಜ್ ಬೋರ್ಡ್ ಸ್ಯಾಟ್ ಪ್ರಬಂಧವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಆ ವರ್ಷದ ಜೂನ್ ಪರೀಕ್ಷೆಯೇ ಕೊನೆ. ಕೆಲವು ರಾಜ್ಯಗಳ ಶಾಲಾ ದಿನದ ಪರೀಕ್ಷೆಯಲ್ಲಿ ಮಾತ್ರ ಅದು ಉಳಿಯಿತು. ಭಾರತದಲ್ಲಿ ಸ್ಯಾಟ್ ಬರೆಯುವವರ ಪಾಲಿಗೂ ಅಲ್ಲಿಗೆ ಅದು ಮುಗಿಯಿತು.

ಮುಗಿದದ್ದು ಒಳ್ಳೆಯದಾಯಿತೇ? ಮೇಲಿನದೆಲ್ಲ ಓದಿದವರು ‘ಹೌದು’ ಎನ್ನಬಹುದು. ನಾನು ಅಷ್ಟು ಸಲೀಸಾಗಿ ಹೇಳಲಾರೆ. ಈಗಿನ ಸ್ಯಾಟ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅಮೆರಿಕದ ಹೊರಗೆ 2023ರಿಂದ, ಅಲ್ಲಿ 2024ರಿಂದ. ಇಡೀ ಪರೀಕ್ಷೆ ಎರಡೂಕಾಲು ಗಂಟೆಯೊಳಗೆ ಮುಗಿಯುತ್ತದೆ. ಓದಲು ಕೊಡುವುದು 25ರಿಂದ 150 ಪದಗಳ ತುಣುಕು, ಒಂದು ತುಣುಕಿಗೆ ಒಂದು ಪ್ರಶ್ನೆ. ಕಿಂಗ್ ಅವರ ಭಾಷಣ ಅಲ್ಲಿ ಹಿಡಿಸುವುದಿಲ್ಲ. ಒಪ್ಪಿಗೆ ಹೇಳಬಾರದು ಎಂಬ ಸೂಚನೆಯ ಅಗತ್ಯವೂ ಇಲ್ಲ, ಏಕೆಂದರೆ ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯಬೇಕಿಲ್ಲ. ಬರವಣಿಗೆಯ ಪರೀಕ್ಷೆ ಎಂದರೆ ಬೇರೆಯವರ ವಾಕ್ಯಕ್ಕೆ ಸರಿಯಾದ ಅಲ್ಪವಿರಾಮ ಆರಿಸುವುದು. ಪರೀಕ್ಷೆಯಲ್ಲಿ ಇಲ್ಲದ್ದನ್ನು ಕಲಿಸಲು ಶಾಲೆಗಳಿಗೆ ಎಷ್ಟು ಉತ್ಸಾಹವಿರುತ್ತದೆ ಎಂಬುದು ಸಿಇಟಿಯ ನಾಡಿನಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಿಯುಸಿಯಲ್ಲಿ ಕನ್ನಡದ ಪಿರಿಯಡ್ ಯಾವ ವಿಷಯಕ್ಕೆ ಬಿಟ್ಟುಕೊಡಲಾಗುತ್ತದೆ ಎಂದು ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ.

ಕಾಲದ ವ್ಯಂಗ್ಯ ನೋಡಿ. ಮೇಲ್ವಿಚಾರಕರ ಕಣ್ಣೆದುರಲ್ಲಿ, ಮೊಬೈಲಿಲ್ಲದೆ, ತನ್ನ ಕೈಯಿಂದ ಮಗು ಬರೆಯುತ್ತಿದ್ದ ಪ್ರಬಂಧ 2021ರ ಜೂನ್‌ನಲ್ಲಿ ನಿಂತಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಅಲ್ಲಿಯವರೆಗೆ ಕಾಲೇಜುಗಳು ‘ಪರೀಕ್ಷೆಯ ಪ್ರಬಂಧ ಇಲ್ಲದಿದ್ದರೇನು, ಅರ್ಜಿಯ ಜೊತೆ ಮನೆಯಿಂದ ಬರೆದು ಕಳಿಸುವ ಆತ್ಮಕಥನದ ಪ್ರಬಂಧ ಇದೆಯಲ್ಲ’ ಎಂದು ಧೈರ್ಯವಾಗಿದ್ದವು. ಶ್ರೀಮಂತರ ಮಕ್ಕಳು ಅದನ್ನು ಹಣ ಕೊಟ್ಟು ತಿದ್ದಿಸುತ್ತಿದ್ದುದು ಹಳೆಯ ಸಂಗತಿ. ಈಗ ಬಡವರಿಗೂ ಆ ಸೌಕರ್ಯ ಒದಗಿತು ಎನ್ನಬೇಕೋ ಏನೋ. 2024ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಅಂಥ ಪ್ರಬಂಧಗಳಿಗೆ ಅಂಕ ಹಾಕುವುದನ್ನೇ ನಿಲ್ಲಿಸಿತು. ಮಗುವೇ ಬರೆದದ್ದೆಂದು ನಂಬುವುದು ಹೇಗೆ?

ಎಸಿಟಿಯಲ್ಲಿ ಪ್ರಬಂಧ ಈಗಲೂ ಐಚ್ಛಿಕವಾಗಿ ಇದೆ. 2025ರಿಂದ ಅಲ್ಲಿ ವಿಜ್ಞಾನ ವಿಭಾಗವೂ ಐಚ್ಛಿಕವಾಗಿದೆ, ಒಟ್ಟು ಸರಾಸರಿಯಿಂದ ಹೊರಗಾಗಿದೆ. ಇನ್ನು ಮುಂದೆ ಯಾವ ಕಾಲೇಜು ವಿಜ್ಞಾನದ ಅಂಕ ಕೇಳುತ್ತದೆ, ಯಾವುದು ಕೇಳುವುದಿಲ್ಲ, ಬರೆದುಬಿಡುವುದು ಒಳ್ಳೆಯದೇ ಎಂಬ ಅದೇ ಹಳೆಯ ಚಿಂತೆ ಹೊಸ ಮಕ್ಕಳ ಮನೆಗಳಲ್ಲಿ ಶುರುವಾಗುತ್ತದೆ. ಗೊತ್ತಿರುವವರು ಬರೆಯುತ್ತಾರೆ. ಗೊತ್ತಿಲ್ಲದವರು ಐಚ್ಛಿಕ ಎಂಬ ಪದವನ್ನು ನಿಘಂಟಿನ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೆ.

ಇಷ್ಟರ ನಡುವೆ ನನಗೆ ಹಿಡಿಸಿದ್ದು ಪ್ರಿನ್ಸ್‌ಟನ್ 2018ರಲ್ಲಿ ಮಾಡಿದ ಕೆಲಸ. ಪರೀಕ್ಷೆಯ ಪ್ರಬಂಧ ಬೇಡ ಎಂದ ಅದೇ ಪ್ರಕಟಣೆಯಲ್ಲಿ ಅದು ಬೇರೊಂದನ್ನು ಕೇಳಿತು: ಶಾಲೆಯ ತರಗತಿಗಾಗಿ ನೀನು ಬರೆದ ಒಂದು ಪ್ರಬಂಧ ಕಳಿಸು, ಇಂಗ್ಲಿಷಿನದೋ ಇತಿಹಾಸದ್ದೋ ಆದರೆ ಒಳ್ಳೆಯದು, ನಿನ್ನ ಶಿಕ್ಷಕರು ಅದಕ್ಕೆ ಕೊಟ್ಟ ಅಂಕವೂ ಇರಲಿ. ಇಲ್ಲಿ ಶುಲ್ಕವಿಲ್ಲ, ಗಡಿಯಾರವಿಲ್ಲ. ಮಗು ಒಂದು ವಿಷಯವನ್ನು ಓದಿ, ತಿಳಿದು, ತನ್ನ ಮಾತು ಹೇಳಿರುತ್ತದೆ. 1842ರ ತಪ್ಪನ್ನು ಗೆರೆ ಎಳೆದು ತೋರಿಸಲು ಒಬ್ಬ ಮನುಷ್ಯ ಇರುತ್ತಾನೆ. ಯುದ್ಧ ತಪ್ಪೋ ಸರಿಯೋ ಎಂದು ಆ ಹುಡುಗಿ ಬರೆದಿದ್ದರೆ, ಏಕೆ ಎಂದು ಅಂಚಿನಲ್ಲಿ ಕೇಳಿರುತ್ತಾನೆ.

ಇದೂ ಎಲ್ಲರಿಗೂ ಒಂದೇ ತೆರನಾಗಿ ದಕ್ಕುವುದಿಲ್ಲ ಎಂಬುದು ಗೊತ್ತು. ತರಗತಿಗೆ ಹದಿನೈದು ಮಕ್ಕಳಿರುವ ಖಾಸಗಿ ಶಾಲೆಯ ಶಿಕ್ಷಕ ಅಂಚು ತುಂಬ ಬರೆಯಬಲ್ಲ. ಸರಕಾರಿ ಶಾಲೆಯಲ್ಲಿ ತಲಾ ಮೂವತ್ತು ಮಕ್ಕಳ ಐದು ತರಗತಿ ತೆಗೆದುಕೊಳ್ಳುವ ಶಿಕ್ಷಕಿಯ ಮೇಜಿನ ಮೇಲೆ 150 ಪ್ರಬಂಧಗಳಿರುತ್ತವೆ. ಒಂದಕ್ಕೆ ಹತ್ತೇ ನಿಮಿಷವೆಂದರೂ 25 ಗಂಟೆ. ಅದನ್ನು ಆಕೆ ಶನಿವಾರ, ಭಾನುವಾರ ಮನೆಯಲ್ಲಿ ಕೂತು ತಿದ್ದಬೇಕು. ಅದಕ್ಕೆ ಅವಳಿಗೆ ಯಾರೂ ಪ್ರತ್ಯೇಕ ಡಾಲರ್ ಕೊಡುವುದಿಲ್ಲ.